ಹಿಡಿದವನು ಹಿಡಿದೆ ಅಂದ

೨ ಫೆಬ್ರುವರಿ ೨೦೨೫, ಭಾನುವಾರ

ಇಪ್ಪತ್ತೆರಡು ವರ್ಷದಿಂದ ಹತ್ತಿಕುಣಿ ಕಪ್‌ಗೆ ಅಂಪೈರ್ ಆಗಿ ನಿಲ್ಲುತ್ತಿದ್ದೇನೆ. ಇವತ್ತು ಮೊದಲ ಸಲ, ಮೈದಾನದಿಂದ ಹೊರಗೆ ಬರುವಾಗ ಬೆನ್ನಿಗೆ ಒಂದು ಹೆಂಟೆ ಬಂದು ಬಿತ್ತು. ಕರಿಮಣ್ಣಿನ ಹೆಂಟೆ. ಬಿಳಿ ಕೋಟಿನ ಮೇಲೆ ಅಂಗೈಯಗಲ ಕಲೆ. ಎಸೆದವನು ಯಾರೆಂದು ತಿರುಗಿ ನೋಡಲಿಲ್ಲ. ನೋಡಿದ್ದರೆ ನಾನೂ ಒಂದು ಎತ್ತಿಕೊಳ್ಳುತ್ತಿದ್ದೆ.

ನಡೆದದ್ದು ಇಷ್ಟು. ಸೆಮಿಫೈನಲ್. ರಂಗಂಪೇಟೆಯವರಿಗೆ ಗೆಲ್ಲಲು ಮೂರು ಚೆಂಡಿಗೆ ಎಂಟು ರನ್ ಬೇಕು. ಬ್ಯಾಟ್ ಹಿಡಿದವನು ಅವರ ಕ್ಯಾಪ್ಟನ್ ಶ್ರೀಮಂತ. ಎತ್ತಿ ಬಾರಿಸಿದ. ಹತ್ತಿಕುಣಿಯ ಸಮತಾ ತಂಡದ ಒಬ್ಬ ಹುಡುಗ ಬೌಂಡರಿಯ ಕಡೆಯಿಂದ ಓಡಿ ಬಂದು ಮುಂದಕ್ಕೆ ಹಾರಿದ. ತೊಗರಿ ಕಿತ್ತ ಹೊಲ, ಧೂಳೆದ್ದಿತು. ಧೂಳಿನೊಳಗಿಂದ ಚೆಂಡು ಹಿಡಿದ ಕೈ ಮೇಲೆ ಬಂತು. ಅಷ್ಟರಲ್ಲಿ ಬ್ಯಾಟಿಂಗಿನವರು ಎರಡು ರನ್ ಓಡಿಬಿಟ್ಟಿದ್ದರು.

ನಾನು ಆ ಹೊತ್ತಿಗೆ ಬೌಲರನ ಕಾಲು ನೋಡುತ್ತಿದ್ದೆ. ಹಿಂದಿನ ಎರಡು ಚೆಂಡಿಗೂ ಅವನು ಗೆರೆ ದಾಟುವವನ ಹಾಗೆ ಬಂದಿದ್ದ. ತಲೆ ಎತ್ತುವಷ್ಟರಲ್ಲಿ ಧೂಳು. ಲೆಗ್ ಅಂಪೈರ್ ಆಗಿ ನಮ್ಮಲ್ಲಿ ಬ್ಯಾಟಿಂಗ್ ತಂಡದವನೇ ನಿಲ್ಲುವುದು. ಅವನನ್ನು ಕೇಳಿದರೆ ಆಕಾಶ ನೋಡಿದ.

ಇಂಥ ಹೊತ್ತಿಗೆ ನಮ್ಮ ಕಪ್‌ನಲ್ಲಿ ಒಂದು ಪದ್ಧತಿ ಇದೆ. ಹಿಡಿದವನು ಪಿಚ್ಚಿಗೆ ಬಂದು ಚೆಂಡು ಮುಟ್ಟಿ ಮೈಲಾರಲಿಂಗನ ಆಣೆ ಮಾಡಬೇಕು. ಮಾಡಿದರೆ ಔಟ್. ಇಲ್ಲದಿದ್ದರೆ ನಾಟೌಟ್. ಜಗಳವಿಲ್ಲ, ತಂಟೆಯಿಲ್ಲ. ನಾನೇ ಶುರು ಮಾಡಿಸಿದ್ದು.

ಆ ಹುಡುಗ ಬಂದ. ಮೊಣಕೈ ಕಿತ್ತು ರಕ್ತ ಒಸರುತ್ತಿತ್ತು.

"ಆಣಿ ಮಾಡು" ಅಂದೆ.

"ಹಿಡಿದೀನ್ರಿ ಸರ್."

"ಅದನ್ನ ಆಣಿ ಮಾಡಿ ಹೇಳು."

"ನಾವು ದೇವರ ಆಣಿ ಮಾಡೂದಿಲ್ರಿ. ಹಿಡಿದೀನಿ, ಅಷ್ಟ."

ನಾಟೌಟ್ ಕೊಟ್ಟೆ. ಮುಂದಿನ ಚೆಂಡನ್ನು ಶ್ರೀಮಂತ ಸಿಕ್ಸರ್ ಎತ್ತಿದ. ಪಂದ್ಯ ಮುಗಿಯಿತು.

ಅವರ ಓಣಿಯವರು ಬೌದ್ಧರಾಗಿ ಹದಿನೈದು ವರ್ಷವಾಯಿತಂತೆ. ಆಗಲಿ, ಬೇಡ ಅಂದವರು ಯಾರು? ಆದರೆ ಆಡಲು ಬಂದ ಮೇಲೆ ಮೈದಾನದ ಪದ್ಧತಿ ಕೇಳಬೇಕೋ ಬೇಡವೋ? ಹಿಡಿದದ್ದೇ ನಿಜವಾದರೆ ಆ ಒಂದು ಮಾತು ಆಡಲು ಅವನ ಗಂಟೇನು ಹೋಗುತ್ತಿತ್ತು? ಮನಸ್ಸಿನಲ್ಲಿ ಕಳ್ಳ ಇಲ್ಲದವನು ಹಿಂಜರಿಯುವುದಿಲ್ಲ.

ಬೆನ್ನು ಇನ್ನೂ ನೋಯುತ್ತಿದೆ.

೩ ಫೆಬ್ರುವರಿ, ಸೋಮವಾರ

ಯಾದಗಿರಿಗೆ ಸುದ್ದಿ ನನಗಿಂತ ಮೊದಲೇ ಬಂದು ಆಫೀಸಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿತ್ತು. ಟಪಾಲು ನೋಡುವ ಮುಷರಫ ಎದ್ದು ನಿಂತು ಸಲಾಮು ಹೊಡೆದ. "ಬರ್ರಿ ಅಂಪೈರ್ ಸಾಬ್. ಮೈಲಾರಲಿಂಗ ಥರ್ಡ್ ಅಂಪೈರ್ ಆಗ್ಯಾನಂತಲ್ಲ, ಪಗಾರ ಎಷ್ಟು ಕೊಡ್ತೀರಿ?" ಎಲ್ಲರೂ ನಕ್ಕರು. ಹೆಡ್ ಕ್ಲರ್ಕ್ ಕೂಡ ನಕ್ಕರು. ಆ ಮನುಷ್ಯ ವರ್ಷಕ್ಕೆ ಎರಡು ಸಲ ನಗುವವರು.

ಮುಷರಫ ಒಂದು ಕಾಲಕ್ಕೆ ಒಳ್ಳೆಯ ವಿಕೆಟ್ ಕೀಪರ್. ನಾನು ನಿಂತ ಎಷ್ಟೋ ಪಂದ್ಯ ಆಡಿದ್ದಾನೆ. ಚಹಾದ ಹೊತ್ತಿಗೆ ಪಕ್ಕಕ್ಕೆ ಬಂದು, "ನಾ ಆಡೂ ಮುಂದ ನಂಗ ಅಲ್ಲಾನ ಆಣಿ ನಡೀತಿತ್ತು. ಆ ಹುಡುಗಗ ಯಾರದೂ ನಡಿಯಂಗಿಲ್ಲ ಅಂದ್ರ?" ಅಂದ.

"ಯಾರಾದ್ರೂ ಒಬ್ಬರು ಇರಬೇಕಲ್ಲಪಾ."

"ಇಲ್ಲ ಅಂದ್ರ?"

"ಇಲ್ಲ ಅಂದ್ರ ನಾಟೌಟ್."

"ಹಂಗಾದ್ರ ನೀ ಕ್ಯಾಚ್ ನೋಡ್ಲಿಲ್ಲ. ಆತನ ದೇವರನ್ನ ಹುಡುಕಿದಿ, ಸಿಗಲಿಲ್ಲ."

ಮಾತಿಗೆ ಮಾತು ಪೋಣಿಸುವುದು ಬಿಟ್ಟರೆ ಇವನಿಗೆ ಬೇರೆ ಕೆಲಸವಿಲ್ಲ. "ನೆಲಕ್ಕ ತಾಗಿರಬೇಕು ಬಿಡು" ಅಂದು ಫೈಲು ತೆರೆದೆ.

೫ ಫೆಬ್ರುವರಿ, ಬುಧವಾರ

ಒಂಬತ್ತು ಸೆಕೆಂಡಿನ ವಿಡಿಯೋ ಒಂದು ವಾಟ್ಸಾಪಿನಲ್ಲಿ ಊರೂರು ತಿರುಗುತ್ತಿದೆ. ನನಗೇ ಆರು ಗುಂಪಿನಿಂದ ಬಂತು. ತೆಗೆದ ಪುಣ್ಯಾತ್ಮ ಯಾರೋ, ಹುಡುಗ ಹಾರುವ ಹೊತ್ತಿಗೆ ಸರಿಯಾಗಿ ಒಬ್ಬ ಕಲ್ಲಂಗಡಿ ತಿನ್ನುತ್ತ ಅಡ್ಡ ಬಂದಿದ್ದಾನೆ. ಅವನು ಸರಿಯುವಷ್ಟರಲ್ಲಿ ಧೂಳು. ನಲವತ್ತು ಸಲ ನೋಡಿದೆ. ನಲವತ್ತು ಸಲವೂ ಕಲ್ಲಂಗಡಿ.

ಬಸ್ ಸ್ಟ್ಯಾಂಡಿನಲ್ಲಿ ಶಹಾಪುರದ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಲೇ ಕೂಗಿದ: "ಸರ್, ನೆಲಕ್ಕ ಬಿದ್ದಿತ್ತೇನ್ರಿ ಅದು?" ಸುತ್ತ ಮೂವತ್ತು ಜನ ನನ್ನ ಬಾಯನ್ನೇ ನೋಡುತ್ತಿದ್ದರು. "ಬಿದ್ದಿತ್ತು. ನಾನ ಕಣ್ಣಾರೆ ನೋಡೀನಿ" ಅಂದೆ. ಬಾಯಿಗೆ ಬಂತು, ಅಂದೆ. ಒಂದು ಸಲ ಅಂದ ಮೇಲೆ ಎರಡನೆಯದು ಸಲೀಸು. ಸಂಜೆಯೊಳಗೆ ಇನ್ನೂ ಮೂವರಿಗೆ ಹೇಳಿದ್ದೆ.

ಮನೆಗೆ ಬಂದು ಅಯ್ಯಮ್ಮನಿಗೂ ಹೇಳಿದೆ. ಅವಳು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಭಾನುವಾರ ಬಂದು ನೀವ ಅಂದ್ರಿ, ಬೌಲರನ ಕಾಲು ನೋಡಾಕತ್ತಿದ್ದೆ ಅಂತ."

"ಕಾಲೂ ನೋಡಿದೆ, ಚಂಡೂ ನೋಡಿದೆ."

"ಹಿಂದ ಮುಂದ ಎರಡೂ ಕಡೀಗಿ ಕಣ್ಣು ಅದಾವೇನು ನಿಮಗ?"

ಗಂಡ ಹೇಳಿದ್ದನ್ನು ಹೆಂಡತಿ ಇಷ್ಟು ನೆನಪಿಡಬಾರದು.

೭ ಫೆಬ್ರುವರಿ, ಶುಕ್ರವಾರ

ಸಾಬಣ್ಣ ಬಂದಿದ್ದ. ಕಪ್ ಕಮಿಟಿಯ ಅಧ್ಯಕ್ಷ. ಹತ್ತಿಕುಣಿಯಲ್ಲಿ ಗೊಬ್ಬರದ ಅಂಗಡಿ. ಇಬ್ಬರದೂ ಮೂವತ್ತು ವರ್ಷದ ಸ್ನೇಹ. ಬಂದವನು ಅಂಗಿಯ ಜೇಬಿನಿಂದ ಒಂದು ಕಾಗದ ತೆಗೆದು ಮುಂದಿಟ್ಟ. ಸಮತಾ ತಂಡದ ತಕರಾರು ಅರ್ಜಿ.

ಬರೆದವಳು ಆ ಹುಡುಗನ ಅಕ್ಕ ಪಂಚಶೀಲಾ. ಅತಿಥಿ ಶಿಕ್ಷಕಿಯಂತೆ, ತಂಡದ ಸ್ಕೋರ್ ಬರೆಯುವವಳೂ ಅವಳೇ. ಪಂದ್ಯ ಮತ್ತೆ ಆಡಿಸಿ ಅಂತ ಕೇಳಿಲ್ಲ. ನನ್ನನ್ನು ತೆಗೆಯಿರಿ ಅಂತಲೂ ಇಲ್ಲ. ಬರೀ ಎರಡು ಸಾಲು: "ಇನ್ನು ಮುಂದೆ ಕ್ಯಾಚಿನ ವಿಷಯಕ್ಕೆ ಆಟಗಾರರಿಂದ ದೇವರ ಆಣೆ ಕೇಳಬಾರದು. ಅಂಪೈರ್ ನೋಡಿದ್ದರೆ ನೋಡಿದೆ ಅನ್ನಲಿ, ನೋಡದಿದ್ದರೆ ನೋಡಿಲ್ಲ ಅನ್ನಲಿ." ಅಕ್ಷರ ಮುದ್ದಾಗಿತ್ತು. ಅದಕ್ಕೇ ಇನ್ನಷ್ಟು ಉರಿಯಿತು. ಬೈದು ಬರೆದಿದ್ದರೆ ನಾನೂ ಬೈಯಬಹುದಿತ್ತು.

"ನೋಡು ಈಶಪ್ಪಾ" ಅಂದ ಸಾಬಣ್ಣ, "ಅವರು ಇದನ್ನ ಹಿಂದ ತಗೊಂಡ್ರ ಹದಿನಾರಕ್ಕ ಫೈನಲ್‌ಗೆ ನೀನ. ಇಲ್ಲಾಂದ್ರ ಕಲಬುರಗಿಯಿಂದ ಒಬ್ಬನ್ನ ಕರಸಬೇಕಾಗ್ತದ. ಕಮಿಟಿಯಾಗ ಎಲ್ಲಾರೂ ಹಂಗ ಅಂದ್ರು, ನಾ ಏನು ಮಾಡ್ಲಿ?"

ಇಪ್ಪತ್ತೊಂದು ಫೈನಲ್. ಒಂದನ್ನೂ ತಪ್ಪಿಸಿಲ್ಲ. ಅಪ್ಪ ತೀರಿಕೊಂಡ ವರ್ಷವೂ ಹನ್ನೆರಡನೇ ದಿನಕ್ಕೆ ಮೈದಾನದಲ್ಲಿದ್ದೆ. ಈ ಆಫೀಸಿನಲ್ಲಿ ನಾನು ಬರೀ ಈಶಪ್ಪ. ಹತ್ತಿಕುಣಿಯಲ್ಲಿ ಮಾತ್ರ ಅಂಪೈರ್ ಸಾಹೇಬ. ಇಪ್ಪತ್ತೆರಡನೆಯದನ್ನು ಆ ಎರಡು ಸಾಲಿಗೆ ಬಿಟ್ಟುಕೊಡಬೇಕೇ?

ಭಾನುವಾರ ನಾನೇ ಹೋಗಿ ಮಾತಾಡುತ್ತೇನೆ.

೯ ಫೆಬ್ರುವರಿ, ಭಾನುವಾರ

ಹೋಗಬಾರದಿತ್ತು.

ಮನೆಯ ಮುಂದೆ ಬೇವಿನ ಮರದ ಕೆಳಗೆ ಪಂಪ್‌ಸೆಟ್ ಮೋಟರು ಬಿಚ್ಚಿ ಹರವಿಕೊಂಡು ಆ ಹುಡುಗ ಕೂತಿದ್ದ. ಹೆಸರು ಜೈಭೀಮ. ಸುತ್ತಲ ನಾಲ್ಕು ಹಳ್ಳಿಯ ಪಂಪ್‌ಸೆಟ್ ಇವನೇ ರಿಪೇರಿ ಮಾಡುವುದಂತೆ. ಮೊಣಕೈಯ ಗಾಯ ಇನ್ನೂ ಒಣಗಿಲ್ಲ. ಎದ್ದು ನಿಂತು, ಕೈ ಮಸಿಯಾಗಿದೆ ಎಂದು ನಮಸ್ಕಾರವನ್ನು ಮೊಣಕೈಯಲ್ಲೇ ಮುಗಿಸಿ, ಕುರ್ಚಿ ತರಿಸಿದ. ಅಕ್ಕ ಹೊರಗೆ ಬಂದಳು.

"ಚಹಾ ಮಾಡ್ತೀನ್ರಿ ಸರ್."

"ಬ್ಯಾಡವಾ, ಈಗಷ್ಟ ಆಗ್ಯಾದ."

ಆಗಿರಲಿಲ್ಲ. ಬೆಳಗಿನಿಂದ ಚಹಾ ಇಲ್ಲದೆ ತಲೆ ಸಿಡಿಯುತ್ತಿತ್ತು. ಬೇರೆ ಏನೂ ಅಲ್ಲ, ಆ ಓಣಿಯಲ್ಲಿ ಕುಡಿದು ಅಭ್ಯಾಸವಿಲ್ಲ, ಅಷ್ಟೇ. ಅವಳು ಒತ್ತಾಯ ಮಾಡಲಿಲ್ಲ. ಒಂದು ಸಲ ನನ್ನ ಮುಖ ನೋಡಿ ಕಟ್ಟೆಯ ಮೇಲೆ ಕೂತಳು.

ಅರ್ಜಿ ಹಿಂದೆ ತಗೊಳ್ಳಿ ಅಂದೆ. ಇಪ್ಪತ್ತೆರಡು ವರ್ಷದ ಕಥೆ ಹೇಳಿದೆ. ಇಬ್ಬರೂ ಕೇಳಿದರು, ಹೂಂ ಅನ್ನಲಿಲ್ಲ. ಕೊನೆಗೆ ನಾನೇ ಒಂದು ಮೆಟ್ಟಿಲು ಇಳಿದೆ.

"ಮೈಲಾರಲಿಂಗ ಬ್ಯಾಡ, ಬಿಡು. ಬಾಬಾಸಾಹೇಬರ ಆಣಿ ಮಾಡು. ಈಗ, ಇಲ್ಲೇ. ನಾ ಒಪ್ಪಕೋತೀನಿ."

ಇದಕ್ಕಿಂತ ಹೆಚ್ಚು ಯಾವ ಅಂಪೈರ್ ಬಗ್ಗುತ್ತಾನೆ? ಆದರೆ ಅವಳು ಮಕ್ಕಳಿಗೆ ಲೆಕ್ಕ ಹೇಳಿಕೊಡುವ ದನಿಯಲ್ಲಿ ಶುರು ಮಾಡಿದಳು.

"ಅವರು ನಮಗ ಓದ್ರಿ ಅಂತ ಹೇಳ್ಯಾರ, ಆಣಿ ಮಾಡ್ರಿ ಅಂತ ಹೇಳಿಲ್ರಿ ಸರ್. ಸುಳ್ಳು ಹೇಳೂದಿಲ್ಲ ಅಂತ ದಿನಾ ಮುಂಜಾನೆ ಬುದ್ಧನ ಮುಂದ ಶೀಲ ಹೇಳ್ತೀವಿ. ಕ್ಯಾಚ್ ಹಿಡಿದಾಗಷ್ಟ ಅಲ್ಲ."

"ಹಂಗಾದ್ರ ನಾ ನಂಬೂದು ಹೆಂಗವಾ?"

ಅದಕ್ಕೆ ಜೈಭೀಮ ಬಾಯಿ ಬಿಟ್ಟ. ಅಲ್ಲಿಯವರೆಗೆ ಒಂದು ನಟ್ಟನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದ.

"ನಂಬಬ್ಯಾಡ್ರಿ ಸರ್. ನೀವು ನೋಡಿದ್ದು ಹೇಳ್ರಿ. ನೆಲಕ್ಕ ಬಿದ್ದಿದ್ದು ಕಣ್ಣಾರೆ ನೋಡೀನಿ ಅಂತ ಬಸ್ ಸ್ಟ್ಯಾಂಡಿನ್ಯಾಗ ಹೇಳೀರಂತ."

ನಾನು ಏನೋ ಹೇಳಲು ಹೋದೆ.

"ಆಣಿ ಬ್ಯಾಡ್ರಿ" ಅಂದ. "ಸುಮ್ಮನ ಹೇಳ್ರಿ. ನೋಡೀರೇನು?"

ಅವನ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಇಬ್ಬರೂ ಕಾಯುತ್ತ ಕೂತರು. "ಬಸ್ಸಿಗಿ ಹೊತ್ತಾತು" ಅಂದು ಎದ್ದೆ. ಬಸ್ಸು ಬರಲು ಇನ್ನೂ ಒಂದು ತಾಸು ಇತ್ತು. ರಸ್ತೆಯ ಮೋರಿಕಟ್ಟೆಯ ಮೇಲೆ ಬಿಸಿಲಲ್ಲಿ ಕೂತು ಕಾದೆ.

ಇಪ್ಪತ್ತೈದರ ಹುಡುಗ. ನನ್ನನ್ನು ಕಟಕಟೆಗೆ ಹತ್ತಿಸಿದ ಹಾಗೆ ಕೇಳುತ್ತಾನೆ. ದೊಡ್ಡವರು ಚಿಕ್ಕವರು ಅನ್ನುವುದೇ ಉಳಿದಿಲ್ಲ.

೧೦ ಫೆಬ್ರುವರಿ, ಸೋಮವಾರ

ರಜೆ ಹಾಕಿದೆ. ಬರೆಯಲು ಏನೂ ಇಲ್ಲ.

೧೧ ಫೆಬ್ರುವರಿ, ಮಂಗಳವಾರ

ಸಾಬಣ್ಣ ಗೊಬ್ಬರದ ಕೆಲಸಕ್ಕೆ ಯಾದಗಿರಿಗೆ ಬಂದವನು ಮನೆಗೂ ಬಂದ. ಹತ್ತಿಕುಣಿಯಲ್ಲಿ ನಡೆದದ್ದು ಹೇಳಿಕೊಂಡೆ. ಆಣೆ ಮಾಡದವನ ಮಾತಿಗೆ ಬೆಲೆ ಏನು ಅಂದೆ. ನನ್ನ ಮುಖ ನೋಡಿ ಅವನಿಗೆ ಪಾಪ ಅನಿಸಿರಬೇಕು, ಸಮಾಧಾನ ಮಾಡಲು ಹೊರಟ.

"ಆಣಿ ಅಂತ ಅಷ್ಟ್ಯಾಕ ತಲಿ ಕೆಡಿಸ್ಕೋತಿ? ಎರಡು ಸಾವಿರದ ಹನ್ನೊಂದರ ಫೈನಲ್ ನೆನಪದ ಇಲ್ಲೋ? ಸುರಪುರದ ಹುಲಗಪ್ಪನ ಕ್ಯಾಚ್ ಹಿಡಿದೆನಲ್ಲ. ಅದು ನೆಲಕ್ಕ ಒಂದು ಟಪ್ಪಾ ಬಿದ್ದಿತ್ತು."

"ನೀ ಆಣಿ ಮಾಡಿದ್ದಿ."

"ಮಾಡಿದ್ದೆ. ಏನಾತು? ಆ ವರ್ಷ ತೊಗರಿ ಭರ್ಜರಿ ಬಂತು. ಎಮ್ಮಿ ಎರಡು ಕರ ಹಾಕ್ತು!"

ಹೊಟ್ಟೆ ಹಿಡಿದುಕೊಂಡು ನಕ್ಕ. ಅಯ್ಯಮ್ಮ ಒಳಗಿನಿಂದ ಬಂದು ಚಹಾದ ಲೋಟ ಇಟ್ಟು, ನನ್ನನ್ನು ಒಂದು ಸಲ ನೋಡಿ ಒಳಗೆ ಹೋದಳು.

ಹುಲಗಪ್ಪ ಅವತ್ತು ಬ್ಯಾಟನ್ನು ಹೊಲಕ್ಕೆ ಎಸೆದು "ಕುರುಡು ಅಂಪೈರ್" ಅಂದಿದ್ದ. ಅಂಪೈರನಿಗೆ ಮರ್ಯಾದೆ ಕೊಡದವನು ಎರಡು ವರ್ಷ ಆಡಬಾರದೆಂದು ನಾನೇ ಕಮಿಟಿಗೆ ಬರೆದುಕೊಟ್ಟೆ. ಅಂಥ ಬ್ಯಾಟಿಂಗು ನಮ್ಮ ಕಡೆ ಇನ್ನೊಬ್ಬನದು ಇರಲಿಲ್ಲ. ಅವನು ಮತ್ತೆ ಬ್ಯಾಟ್ ಹಿಡಿಯಲೇ ಇಲ್ಲ ಅಂತ ಯಾರೋ ಹೇಳಿದ್ದರು. ಸೊಕ್ಕು ಅಂದುಕೊಂಡಿದ್ದೆ.

ವರ್ಷಕ್ಕೆ ನಾಲ್ಕೈದು ಆಣೆ ಅಂದರೂ ನೂರರ ಹತ್ತಿರ ಬರುತ್ತದೆ. ಕೂತು ನೆನಪು ಮಾಡಿಕೊಂಡೆ. ಅಷ್ಟೂ ಕ್ಯಾಚುಗಳಲ್ಲಿ ಒಂದನ್ನೂ ನಾನು ನೋಡಿರಲಿಲ್ಲ. ನೋಡಿದ್ದರೆ ಆಣೆ ಯಾಕೆ ಬೇಕಿತ್ತು?

ಸಿಟ್ಟು ಬರುತ್ತಿದೆ. ಸಾಬಣ್ಣನ ಮೇಲೆ ಬರುತ್ತಿದೆ, ಎಮ್ಮೆಯ ಮೇಲೂ ಬರುತ್ತಿದೆ. ಜೈಭೀಮನ ಮೇಲೆ ಎಲ್ಲರಿಗಿಂತ ಹೆಚ್ಚು. ಅವತ್ತು ಎಲ್ಲರ ಹಾಗೆ ಅವನೂ ಮೈಲಾರಲಿಂಗನ ಹೆಸರು ಹೇಳಿಬಿಟ್ಟಿದ್ದರೆ ನನಗೆ ಇದೊಂದೂ ಗೊತ್ತಾಗುತ್ತಿರಲಿಲ್ಲ.

೧೪ ಫೆಬ್ರುವರಿ, ಶುಕ್ರವಾರ

ಕಮಿಟಿಯ ತೀರ್ಮಾನ ಫೋನಿನಲ್ಲಿ ಬಂತು. ಫೈನಲ್‌ಗೆ ಕಲಬುರಗಿಯವನು. ನನಗೆ ಬೆಳಿಗ್ಗೆ ಹತ್ತಕ್ಕೆ ಮೂರನೇ ಸ್ಥಾನದ ಪಂದ್ಯ, ಸಮತಾ ಮತ್ತು ಶಹಾಪುರದ ನಡುವೆ. ಮದುವೆಗೆ ಕರೆದು ಎಲೆ ಎತ್ತಲು ಹೇಳಿದ ಹಾಗೆ. ಹೋಗುವುದಿಲ್ಲ ಅಂದೆ. ಫೋನು ಇಟ್ಟ ಮೇಲೆ ಮನೆಯಲ್ಲೂ ನಾಲ್ಕು ಸಲ ಅಂದೆ.

"ನೋಡಿಲ್ಲ ಅಂತ ಒಂದು ಮಾತು ಅಂದಿದ್ರ ನಾಲಿಗಿ ಸವೀತಿತ್ತೇನು?" ಅಂದಳು ಅಯ್ಯಮ್ಮ.

"ಅಂಪೈರ್ ಹಂಗ ಅನ್ನಂಗಿಲ್ಲ."

"ಮನಿಯಾಗೂ ಅನ್ನಂಗಿಲ್ಲ ನೀವು. ಮೊನ್ನಿ ಹಾಲು ಉಕ್ಕಿ ಒಲಿ ತುಂಬಾ ಆತು. ಮುಂದ ನೀವ ಕುಂತಿದ್ರಿ. ನೋಡ್ಲಿಲ್ಲೇನು ಅಂದ್ರ, ಉಕ್ಕಿಲ್ಲ ಅಂದ್ರಿ."

ಹಾಲಿಗೂ ಕ್ರಿಕೆಟ್ಟಿಗೂ ಏನು ಸಂಬಂಧವೋ. ಸಂಜೆ ನೋಡಿದರೆ ಬಿಳಿ ಕೋಟು ಒಗೆದು ಹಗ್ಗದ ಮೇಲೆ ಹಾಕಿದ್ದಾಳೆ. ನಾನು ಹೇಳಿರಲಿಲ್ಲ. ಹೆಂ‌ಟೆಯ ಕಲೆ ಪೂರ್ತಿ ಹೋಗಿಲ್ಲ.

೧೬ ಫೆಬ್ರುವರಿ, ಭಾನುವಾರ

ಹೋದೆ.

ಎಲೆ ಎತ್ತುವ ಪಂದ್ಯಕ್ಕೂ ಜನ ಸೇರಿದ್ದರು, ನನ್ನನ್ನು ನೋಡಲು. ಶಹಾಪುರಕ್ಕೆ ಗೆಲ್ಲಲು ಐದು ರನ್ ಬೇಕು, ಉಳಿದಿರುವುದು ಒಂದೇ ವಿಕೆಟ್. ಆಗ ಅದೇ ಆಯಿತು. ಹೊಡೆದ ಚೆಂಡು ಎದುರಿಗೇ ತಗ್ಗಾಗಿ ಚಿಮ್ಮಿತು. ಮಿಡಾಫಿನಿಂದ ಜೈಭೀಮ ಹಾರಿದ. ಬೌಲರ್ ಅದೇ ಚೆಂಡಿಗೆಂದು ನನ್ನ ಮುಂದೆ ಅಡ್ಡ ಓಡಿದ. ನನಗೆ ಕಂಡದ್ದು ಬೌಲರನ ಬೆನ್ನು. ಅವನು ಸರಿದಾಗ ಜೈಭೀಮ ನೆಲದ ಮೇಲೆ, ಚೆಂಡು ಕೈಯಲ್ಲಿ. ಸಮತಾದ ಹತ್ತೂ ಜನ ಕೈ ಎತ್ತಿ ಕುಣಿಯುತ್ತ ನನ್ನ ಕಡೆ ಬಂದರು. ಲೆಗ್ ಅಂಪೈರ್ ಎಂದಿನ ಹಾಗೆ ಆಕಾಶ ನೋಡಿದ.

ಮೈಕಿನಲ್ಲಿ ಸಾಬಣ್ಣ: "ಅಂಪೈರ್ ಸಾಹೇಬ್ರು ಈಗ ಆಣಿ ಮಾಡಸ್ತಾರೋ ಏನೋ ನೋಡೂಣು!" ಇಡೀ ಮೈದಾನ ನಕ್ಕಿತು. ಕಿವಿ ಕಾದುಹೋಯಿತು. ಬೆರಳು ಎತ್ತಿದರೂ ಆಗುತ್ತಿತ್ತು, ಎತ್ತದಿದ್ದರೂ ಆಗುತ್ತಿತ್ತು. ಇಪ್ಪತ್ತೆರಡು ವರ್ಷ ಎರಡರಲ್ಲಿ ಒಂದು ಮಾಡಿಕೊಂಡೇ ಬಂದವನು.

"ನಾ ನೋಡಿಲ್ಲ" ಅಂದೆ.

ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ ಕೂಗಿ ಹೇಳಬೇಕಾಯಿತು. "ನಾ ನೋಡಿಲ್ಲ! ಬೌಲರ್ ಅಡ್ಡ ಬಂದಿದ್ದ!"

ನಗು ನಿಂತಿತು. ಜೈಭೀಮ ಚೆಂಡು ಹಿಡಿದುಕೊಂಡು ಬಂದ. ಅದೇ ಮೊಣಕೈ, ಅದೇ ಗಾಯ, ಮತ್ತೆ ಕಿತ್ತಿತ್ತು.

"ಹಿಡಿದಿಯೇನಪಾ?" ಅಂದೆ.

ಅವನ ಕ್ಯಾಪ್ಟನ್ ಹಿಂದಿನಿಂದ "ಹೂಂ ಅನ್ನಲೇ" ಅಂತ ಪಿಸುಗುಟ್ಟಿದ್ದು ನನಗೂ ಕೇಳಿಸಿತು.

"ಇಲ್ರಿ ಸರ್. ಟಪ್ಪಾ ಬಿತ್ತು."

ನಾಟೌಟ್. ಕ್ಯಾಪ್ಟನ್ ಅವನ ವಂಶವನ್ನೆಲ್ಲ ಎತ್ತಿ ಬೈದ. ಮುಂದಿನ ಓವರಿನಲ್ಲಿ ಶಹಾಪುರ ಗೆದ್ದಿತು. ಸಮತಾದವರಿಗೆ ಸಣ್ಣ ಕಪ್ ಕೂಡ ತಪ್ಪಿತು.

ಬೇಲ್ಸ್ ತೆಗೆದು ಜೇಬಿಗೆ ಹಾಕಿಕೊಂಡೆ. ಇಂಥವನು ಹದಿನಾಲ್ಕು ದಿನದ ಹಿಂದೆ ಹಿಡಿದೆ ಅಂದಿದ್ದ. ನಾಚಿಕೆಯಾಯಿತು. ಸಿಟ್ಟು ಮಾಡಿಕೊಳ್ಳಲು ಯಾರಾದರೂ ಸಿಗುತ್ತಾರೇನೋ ಎಂದು ಸುತ್ತ ನೋಡಿದೆ. ನನ್ನನ್ನು ಬಿಟ್ಟು ಯಾರೂ ಇರಲಿಲ್ಲ.

ಪಂಚಶೀಲಾ ಶಾಮಿಯಾನದ ಮೂಲೆಯಲ್ಲಿ ಸ್ಕೋರ್ ಬುಕ್ಕು ಕಟ್ಟುತ್ತಿದ್ದಳು. ಎರಡನೇ ತಾರೀಖಿನ ಪುಟ ತೆಗೆ ಅಂದೆ. ತೆಗೆದಳು. ಶ್ರೀಮಂತನ ಹೆಸರಿನ ಮುಂದೆ ಮುದ್ದಾದ ಅಕ್ಷರದಲ್ಲಿ "ಔಟಾಗಿಲ್ಲ" ಅಂತಿತ್ತು.

"ನೀನ ಹಿಂಗ ಬರದಿಯಲ್ಲವಾ?"

"ಅಂಪೈರ್ ಹೇಳಿದ್ದನ್ನ ಬರೀಬೇಕಲ್ರಿ ಸರ್."

"ಹೊಡದ ಹಾಕು ಅದನ್ನ."

ಅವಳು ಪೆನ್ನು ನನ್ನ ಕಡೆ ಚಾಚಿದಳು. "ನೀವ ಹೊಡೀರಿ. ತೀರ್ಪು ನಿಮ್ಮದು."

ಗೆರೆ ಎಳೆದೆ. ಕ್ಯಾಚ್ ಜೈಭೀಮ ಅಂತ ಬರೆಯಲು ಹೋಗಿ ನಿಂತೆ. ನಾನು ಈಗಲೂ ಅದನ್ನು ನೋಡಿಲ್ಲವಲ್ಲ. ಕೊನೆಗೆ ಬರೆದದ್ದು: "ಅಂಪೈರ್ ನೋಡಿರಲಿಲ್ಲ. ಹಿಡಿದವನು ಹಿಡಿದೆ ಅಂದ. ಔಟ್." ಕೆಳಗೆ ಸಹಿ ಮಾಡಿ ತಾರೀಖು ಹಾಕಿದೆ, ಇವತ್ತಿನದೇ.

ಜೈಭೀಮ ಸ್ಟಂಪುಗಳನ್ನು ಹೆಗಲಿಗೆ ಹಾಕಿಕೊಂಡು ಬಂದವನು ಬಗ್ಗಿ ಓದಿದ. ನಗಲಿಲ್ಲ.

"ಈಗ ಬರದು ಏನು ಮಾಡೂದ್ರಿ ಸರ್? ಮಧ್ಯಾಹ್ನ ಫೈನಲ್ ನಾವು ಆಡಬೇಕಾಗಿತ್ತು."

"ಹೌದು" ಅಂದೆ.

ಸ್ವಲ್ಪ ದೂರ ಹೋಗಿ ತಿರುಗಿದ. "ಚಹಾ ಕುಡೀತೀರೇನು? ಇಲ್ಲಾ ಈಗಷ್ಟ ಆಗ್ಯಾದೇನು?"

ಹೋದೆ. ಸಕ್ಕರೆ ಸುರಿದಿದ್ದರು, ಎರಡನೇ ಲೋಟಕ್ಕೆ ಕಡಿಮೆ ಹಾಕು ಅಂತ ಹೇಳಬೇಕಾಯಿತು. ಮಾತು ಅವತ್ತಿನ ಬೌಲರನ ಕಾಲಿಗೆ ಹೋಯಿತು. ಅವನು ಗೆರೆ ದಾಟುತ್ತಿರಲಿಲ್ಲ ಅಂತ ಜೈಭೀಮ, ದಾಟುತ್ತಿದ್ದ ಅಂತ ನಾನು. ಅವರ ಮನೆಯ ಮುಂದೆ ಮಸಿಯಲ್ಲಿ ಗೆರೆ ಎಳೆದು, ಚಪ್ಪಲಿ ಇಟ್ಟು, ತಾಸುಗಟ್ಟಲೆ ವಾದ ಮಾಡಿದೆವು. ಕಾಲು ಗೆರೆಯ ಮೇಲಿದ್ದರೆ ನೋಬಾಲೋ ಅಲ್ಲವೋ ಅಂತ ಇವನಿಗೆ ಸರಿಯಾಗಿ ಗೊತ್ತಿಲ್ಲ. ಮುಂದಿನ ಭಾನುವಾರ ರೂಲ್ ಬುಕ್ಕು ಒಯ್ಯಬೇಕು. ಮೈದಾನದ ಕಡೆಯಿಂದ ಮೈಕಿನ ಗದ್ದಲ ಆಗಾಗ ಕೇಳಿಸುತ್ತಿತ್ತು.

ಮನೆಗೆ ಬಂದು ಕೋಟು ಬಿಚ್ಚುವಾಗ ಅಯ್ಯಮ್ಮ ಕೇಳಿದಳು: "ಫೈನಲ್ ಯಾರು ಗೆದ್ರು?"

"ನಾ ನೋಡಿಲ್ಲ" ಅಂದೆ.